ಊಟ ಆಯ್ತಾ? ನಿದ್ದೆ ಬಂತಾ?



ಊರಿಂದ ಫೋನ್ ಬಂದರೆ ನಮ್ಮ ಮಾತು ಶುರುವಾಗುವುದೇ ‘ಊಟ ಆಯ್ತಾ?’ ಎಂಬಲ್ಲಿಂದ, ಅಲ್ಲವೇ? ನಾವು ‘ಹೂಂ, ಆಯ್ತು’ ಎನ್ನುತ್ತೇವೆ. ಮಳೆ ಹೇಗಿದೆ, ಅಜ್ಜಿಯ ಮಂಡಿನೋವು ಹೇಗಿದೆ ಎಂದು ಕೇಳಿ ಫೋನ್ ಇಡುತ್ತೇವೆ. ಉಣ್ಣದೇ ಇದ್ದರೂ ‘ಆಯ್ತು’ ಎನ್ನುವ ಅಭ್ಯಾಸ ಮುಂಬಯಿಯಲ್ಲಿರುವ ನಮ್ಮಲ್ಲಿ ಬಹಳ ಜನಕ್ಕಿದೆ. ಆ ಒಂದು ‘ಆಯ್ತು’ವಿನ ಹಿಂದೆ ಅಡಗಿ ಕೂರುವ ಎರಡು ಕಾಯಿಲೆಗಳ ಬಗ್ಗೆ ಇವತ್ತು ಮಾತಾಡೋಣ. ಒಂದು ಖಿನ್ನತೆ, ಇನ್ನೊಂದು ಆತಂಕ.

ಮೊದಲು ನನ್ನದೇ ಕತೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದ್ದೆ. ಠಾಣೆ ದಾಟುತ್ತಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈ ಬೆವರಿತು, ಉಸಿರು ಸಾಲದಾಯಿತು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಘಾಟ್‌ಕೋಪರ್‌ನಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಇಳಿಯಿತು. ಇ.ಸಿ.ಜಿ. ತೆಗೆಸಿದರೆ ಏನೂ ಇಲ್ಲ. ‘ಟೆನ್ಶನ್ ಮತ್ ಲೋ’ ಎಂದು ಹೇಳಿ ಕಳಿಸಿದರು.

ತೆಗೆದುಕೊಳ್ಳಬೇಡ ಎಂದರೆ ಬಿಟ್ಟುಹೋಗುತ್ತದೆಯೇ? ರಾತ್ರಿ ಮೂರು ಗಂಟೆಗೇ ಎಚ್ಚರ. ರೈಲು ಎಂದರೆ ದಿಗಿಲು. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದರೆ ನಗುತ್ತಾ ‘ಶುಭೋದಯ’ ಹೇಳುತ್ತಿದ್ದೆ. ದೀಪ ಆರಿದ ಕೂಡಲೇ ಮೈಯೆಲ್ಲ ಸೋತ ಹಾಗೆ. ಬಿ.ಎ.ಗೆ ಕನ್ನಡ ಓದಿದವಳು ನಾನು, ಮಾತೇ ನನ್ನ ಕೆಲಸ. ಆದರೂ ನನಗೆ ಏನಾಗುತ್ತಿದೆ ಎಂದು ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಮುಲುಂಡಿನ ಚಿಕ್ಕಮ್ಮ ಒಂದು ಭಾನುವಾರ ಮನೆಗೆ ಬಂದರು. ಊಟದ ವಿಚಾರ ಅವರು ಕೇಳಲೇ ಇಲ್ಲ. ‘ನೀನು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು ಮಾರಾಯ್ತಿ?’ ಎಂದರು. ಅಷ್ಟಕ್ಕೇ ನನಗೆ ಅಳು ಬಂತು. ಅವರು ಉಪದೇಶ ಮಾಡಲಿಲ್ಲ. ಮಾರನೆಯ ವಾರ ನನ್ನ ಜೊತೆಗೇ ಆಸ್ಪತ್ರೆಯ ಸಾಲಿನಲ್ಲಿ ನಿಂತರು.

ಮನೋವೈದ್ಯೆ ಮರಾಠಿಯವರು. ನಾನು ಹಿಂದಿಯಲ್ಲಿ ತಡವರಿಸುವುದನ್ನು ನೋಡಿ, ‘ನಿಮ್ಮ ಊರಲ್ಲಿ ಇದಕ್ಕೆ ಏನೆನ್ನುತ್ತಾರೆ?’ ಎಂದು ಕೇಳಿದರು. ‘ಮಂಡೆಬಿಸಿ, ತಳಮಳ’ ಎಂದೆ. ಚಿಕ್ಕಮ್ಮ ಅದನ್ನು ವಿವರಿಸಿ ಹೇಳಿದರು. ವೈದ್ಯೆ ಹೇಳಿದ್ದಿಷ್ಟು: ಅಪಾಯ ಬಂದಾಗ ಓಡಲೆಂದು ದೇಹದಲ್ಲಿ ಒಂದು ಎಚ್ಚರಿಕೆಯ ಗಂಟೆ ಇದೆ. ಬೆಂಕಿಯೇ ಇಲ್ಲದಾಗಲೂ ಆ ಗಂಟೆ ಹೊಡೆದುಕೊಂಡರೆ ಅದು ಪ್ಯಾನಿಕ್. ಇದರಿಂದ ಜೀವಕ್ಕೆ ಅಪಾಯವಿಲ್ಲ, ಚಿಕಿತ್ಸೆ ಇದೆ. ಹಾಗೆಂದು ಎದೆನೋವು ಬಂದಾಗ ಇದೂ ಅದೇ ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಹೃದಯವನ್ನು ಪರೀಕ್ಷೆ ಮಾಡಿಸಿ.

ನನ್ನಂಥವರ ಮಾತು ಬಿಡಿ. ಬೆಂಗಳೂರಲ್ಲಿ ಬೆಳೆದು, 2006ರಲ್ಲಿ ‘ಐಶ್ವರ್ಯ’ ಎಂಬ ಕನ್ನಡ ಚಿತ್ರದಿಂದ ತೆರೆಗೆ ಬಂದು, ಮುಂಬಯಿಯಲ್ಲಿ ಹೆಸರು ಮಾಡಿದ ದೀಪಿಕಾ ಪಡುಕೋಣೆ ನಿಮಗೆಲ್ಲ ಗೊತ್ತು. 2013ರಲ್ಲಿ ಅವರ ಚಿತ್ರಗಳು ಒಂದರ ಹಿಂದೆ ಒಂದು ಗೆದ್ದವು. 2014ರ ಆರಂಭದಲ್ಲಿ ಅವರಿಗೆ ಬೆಳಿಗ್ಗೆ ಏಳುವುದೇ ಕಷ್ಟವಾಯಿತು, ಒಳಗೆಲ್ಲ ಖಾಲಿ ಖಾಲಿ. ಮುಂಬಯಿಗೆ ಬಂದಿದ್ದ ತಾಯಿ ಉಜ್ಜಲಾ ಅವರಿಗೆ ಮಗಳ ಅಳು ಎಂದಿನ ಅಳುವಲ್ಲ ಎಂದು ತಿಳಿಯಿತು. ತಜ್ಞರ ನೆರವು ಬೇಕು ಎಂದವರು ಅವರೇ. ದೀಪಿಕಾ ಚಿಕಿತ್ಸೆ ಪಡೆದರು, 2015ರಲ್ಲಿ ಅದನ್ನು ಎಲ್ಲರೆದುರು ಹೇಳಿದರು, ‘ಲಿವ್ ಲವ್ ಲಾಫ್’ ಎಂಬ ಸಂಸ್ಥೆಯನ್ನೂ ಕಟ್ಟಿದರು. ಹಣ, ಹೆಸರು, ಗೆಲುವು ಎಲ್ಲ ಇದ್ದವರಿಗೂ ಇದು ಬರುತ್ತದೆ ಎಂದ ಮೇಲೆ ‘ನಿನಗೇನು ಕಡಿಮೆಯಾಗಿದೆ?’ ಎಂಬ ಪ್ರಶ್ನೆಗೆ ಅರ್ಥವಿದೆಯೇ?

ಹಾಗಾದರೆ ಸಾಮಾನ್ಯ ಬೇಜಾರು ಯಾವುದು, ಖಿನ್ನತೆ ಯಾವುದು? ಬೇಜಾರು ಬರುತ್ತದೆ, ಹೋಗುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವೂ, ದಿನದ ಬಹುಪಾಲು ಮನಸ್ಸು ಮಂಕಾಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಗಮನ ಕೊಡಿ. ಅದರ ಜೊತೆಗೆ ನಿದ್ದೆ, ಹಸಿವು ಏರುಪೇರಾಗುತ್ತವೆ. ಸುಸ್ತು, ಮರೆವು, ‘ಎಲ್ಲ ನನ್ನಿಂದಲೇ ಹಾಳಾಯಿತು’ ಎಂಬ ಕೊರಗು ಬರುತ್ತವೆ. ನಮ್ಮ ಜನ ಬಹಳ ಸಲ ಮನಸ್ಸಿನ ಮಾತೇ ಎತ್ತುವುದಿಲ್ಲ. ತಲೆಭಾರ, ಹೊಟ್ಟೆ ಸರಿ ಇಲ್ಲ, ಮೈಕೈ ನೋವು ಎನ್ನುತ್ತಾರೆ. ಥೈರಾಯ್ಡ್ ತೊಂದರೆಯಲ್ಲೂ ಹೀಗಾಗಬಹುದು. ಆದ್ದರಿಂದ ವೈದ್ಯರು ರಕ್ತಪರೀಕ್ಷೆ ಹೇಳಿದರೆ ಮಾಡಿಸಿ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ಖಿನ್ನತೆ, ಆತಂಕದಂತಹ ಸಾಮಾನ್ಯ ತೊಂದರೆ ಇದ್ದ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಔಷಧ ಇಲ್ಲದೆ ಹೀಗಾಯಿತೆನ್ನುವಂತಿಲ್ಲ. ‘ಜನ ಏನೆಂದಾರು’ ಎಂಬ ಅಂಜಿಕೆಗೂ ಇದರಲ್ಲಿ ದೊಡ್ಡ ಪಾಲಿದೆ.

ಎಲ್ಲಿಗೆ ಹೋಗಬೇಕು? ಪರೇಲಿನ ಕೆ.ಇ.ಎಂ., ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಮನೆಯಿಂದಲೇ ಮಾತಾಡಬೇಕೆಂದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಇದೆ. ನಂಬರ್ 14416. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಾತ್ರೆ ಬರೆದುಕೊಟ್ಟರೆ ಎರಡು ದಿನಕ್ಕೇ ಗುಣ ಕಾಣದು, ಕೆಲವು ವಾರ ಬೇಕು. ಚೇತರಿಸಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ಕೆಲವರಿಗೆ ಆಪ್ತಸಲಹೆಯೊಂದೇ ಸಾಕಾಗುತ್ತದೆ. ಬೆಳಗಿನ ನಡಿಗೆ, ಹೊತ್ತಿಗೆ ಸರಿಯಾದ ನಿದ್ದೆ ಸಹಾಯ ಮಾಡುತ್ತವೆ. ಗುಂಡು ಹಾಕಿ ಮರೆಯುತ್ತೇನೆಂದರೆ ಖಿನ್ನತೆ ಇನ್ನಷ್ಟು ಹೆಚ್ಚುತ್ತದೆ.

ಮನೆಯವರಿಗೂ ಒಂದು ಮಾತು. ‘ಧೈರ್ಯವಾಗಿರು’ ಎಂದು ಹೇಳಿ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ‘ಬದುಕು ಸಾಕು’ ಎಂಬ ಮಾತು ಬಂದರೆ, ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೊತ್ತ ಭಾರ ಇಳಿಯುತ್ತದೆ. ಅವರನ್ನು ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾನು ಈಗಲೂ ಅದೇ ಲೋಕಲ್‌ನಲ್ಲಿ ಬರುತ್ತೇನೆ. ಎಲ್ಲೋ ಒಮ್ಮೊಮ್ಮೆ ಠಾಣೆಯ ಹತ್ತಿರ ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ‘ಓಹೋ, ನೀನಾ?’ ಎಂದುಕೊಂಡು ನಿಧಾನವಾಗಿ ಉಸಿರು ಬಿಡುತ್ತೇನೆ. ಘಾಟ್‌ಕೋಪರ್ ಬರುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ.

ಇವತ್ತು ಮನೆಯವರಿಗೋ ಗೆಳೆಯರಿಗೋ ಫೋನ್ ಮಾಡಿದಾಗ ‘ಊಟ ಆಯ್ತಾ?’ ಜೊತೆಗೆ ‘ನಿದ್ದೆ ಬಂತಾ?’ ಎಂದೂ ಕೇಳಿ. ನಿಮ್ಮನ್ನು ಯಾರಾದರೂ ಕೇಳಿದರೆ, ಬಂದಿಲ್ಲದಿದ್ದರೆ, ‘ಇಲ್ಲ’ ಎಂದೇ ಹೇಳಿ.