ಆಸ್ಪತ್ರೆಗೆ ಹೋಗುವ ಮುನ್ನ

 

ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ನಮಗೆ ಮತ್ತೆ ಮತ್ತೆ ಕಾಣುವ ಕಾರಣ ಒಂದೇ: ಮನೆಯಲ್ಲಿ ಯಾರಿಗೋ ಕಾಯಿಲೆಯಾಯಿತು, ಫೀಸಿಗೆ ಕೂಡಿಟ್ಟ ಹಣ ಆಸ್ಪತ್ರೆಗೆ ಹೋಯಿತು. ಮೇಗುಂದದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಶಿವಮೊಗ್ಗ, ಇಲ್ಲವೇ ಘಾಟಿ ಇಳಿದು ಮಣಿಪಾಲ. ಗಾಬರಿಯಲ್ಲಿ ಕೇಳಿದಷ್ಟು ಕಟ್ಟಿಬಿಡುತ್ತೇವೆ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಲೇಬೇಕೆಂದು ಒತ್ತಾಯಿಸುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿಗಾಗಿ ಮಯ್ಯತ್ತನ್ನು ತಡೆದಿಡುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು. ದಫನ್ ತಡವಾಗಬಾರದೆನ್ನುವ ನಮಗೆ ಇದು ಸಣ್ಣ ಮಾತಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯಲ್ಲಿ ದೂರು ಕೊಡಬೇಕು. ರಶೀದಿಗಳನ್ನು ಎಸೆಯಬೇಡಿ.

ಇನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮೇಷ್ಟ್ರ ಚಾಳಿ, ಎರಡನೇ ಸಲ ಹೇಳುತ್ತೇವೆ: ಪತ್ರ ಮೊದಲು, ಬಸ್ಸು ಆಮೇಲೆ. ಆ ಪತ್ರವಿಲ್ಲದೆ ನೇರವಾಗಿ ಹೋಗಿ ಸಾಲಕ್ಕೆ ಬಿದ್ದ ಮನೆಗಳು ನಮ್ಮಲ್ಲಿವೆ.

ಈ ಸಲ ಅರ್ಜಿ ಕೊಡಲು ಬರುವಾಗ ಪಡಿತರ ಚೀಟಿ, ಆಧಾರ್ ತನ್ನಿ. ಆರೋಗ್ಯ ಕಾರ್ಡ್ ಇನ್ನೂ ಮಾಡಿಸದವರಿಗೆ ನಮ್ಮ ಕಾಲೇಜು ಮಕ್ಕಳು ಅಲ್ಲೇ ನೆರವಾಗುತ್ತಾರೆ.