ಒಂದು ಪಿನ್ನಿನ ಬೆಲೆ



ಗುಳೇದಗುಡ್ಡದಲ್ಲಿ ಖಣ ನೇಯುವ ಮಗ್ಗವನ್ನು ನೀವೆಲ್ಲ ನೋಡಿದ್ದೀರಿ. ಕೆಲವರ ಮನೆಯಲ್ಲೇ ಅದರ ಸಪ್ಪಳ ಇದ್ದೀತು. ಹಾಸಿನ ಒಂದು ಎಳೆ ಕಡಿದರೆ ನೇಕಾರರು ಕೈ ನಿಲ್ಲಿಸಿ, ಎಳೆಗೆ ಗಂಟು ಹಾಕಿ, ಮತ್ತೆ ನೇಯತೊಡಗುತ್ತಾರೆ. ಮೋಟಾರ್ ಸೈಕಲ್ ಕೆಟ್ಟರೂ ರಸ್ತೆಯ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ಬದಿ ಎಂಬುದಿಲ್ಲ. ಚುನಾವಣೆ ಬಂದಾಗ ಬಾದಾಮಿಯ ಕಡೆ ಇಳಿಯುವ ಹೆಲಿಕಾಪ್ಟರನ್ನು ಮೈದಾನದ ಅಂಚಿನಲ್ಲಿ ನಿಂತು ನೋಡುವವರ ಕಣ್ಣು ಒಳಗಿರುವ ಗಣ್ಯರ ಮೇಲೆ, ಹೆಚ್ಚೆಂದರೆ ಪೈಲಟ್ ಮೇಲೆ ಇರುತ್ತದೆ. ಅದರ ನಟ್ಟು ಬೋಲ್ಟು ಬಿಗಿ ಮಾಡಿದವರು ಯಾರಿಗೂ ಕಾಣುವುದಿಲ್ಲ. ಇಂದು ಅವರ ಕೆಲಸದ ಬಗೆಗೇ ಮಾತನಾಡೋಣ.

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ಮೇಲಿನ ರೆಕ್ಕೆಗಳನ್ನು ತಿರುಗಿಸುತ್ತದೆ. ನುರಿತ ಪೈಲಟ್ ಆ ಬಲದಿಂದಲೇ ಯಂತ್ರವನ್ನು ನೆಲಕ್ಕೆ ಇಳಿಸಬಲ್ಲರು. ಇದಕ್ಕೆ ಆಟೋರೊಟೇಶನ್ ಎಂದು ಹೆಸರು. ಆದರೆ ಅದಕ್ಕೂ ರೆಕ್ಕೆಗಳು ಪೈಲಟ್ ಹೇಳಿದಂತೆ ಕೇಳಬೇಕು. ಪೈಲಟ್‌ನ ಕೈಯ ಚಲನೆ ಸರಳುಗಳ ಮೂಲಕ, ಎಣ್ಣೆಯ ಒತ್ತಡದಿಂದ ದುಡಿಯುವ ಸರ್ವೋಗಳ ಮೂಲಕ, ಸ್ವಾಶ್ ಪ್ಲೇಟ್ ಎಂಬ ತಟ್ಟೆಗೆ ತಲುಪುತ್ತದೆ. ತಟ್ಟೆ ವಾಲಿದಂತೆ ರೆಕ್ಕೆಗಳ ಕೋನ ಬದಲಾಗುತ್ತದೆ. ಈ ಸರಪಳಿಯ ಒಂದೇ ಕೊಂಡಿ ಕಳಚಿದರೂ ಎಂಜಿನ್ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ ಹೆಲಿಕಾಪ್ಟರ್ ಬಿದ್ದು ಮೂವರು ತೀರಿಕೊಂಡರು. ನಮ್ಮ ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ ಯಂತ್ರ ಅದು. ತನಿಖೆಯಲ್ಲಿ ಇದೇ ಸ್ವಾಶ್ ಪ್ಲೇಟ್ ಮುರಿದದ್ದು ಕಂಡುಬಂತು. ಧ್ರುವಗಳ ಹಾರಾಟವನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಆದರೆ ಭಾಗ ಮುರಿದಾಗಲೆಲ್ಲ ಮೆಕ್ಯಾನಿಕ್ಕರನ್ನು ದೂರುವುದು ನ್ಯಾಯವಲ್ಲ. ಲೋಹ ಏಕೆ ಸೋತಿತು ಎಂಬುದು ಬೇರೆಯೇ ಪ್ರಶ್ನೆ.

ನಿರ್ವಹಣೆಯ ಲೋಪ ಸ್ಪಷ್ಟವಾಗಿ ಕಾಣುವುದು ಇನ್ನೊಂದು ಪ್ರಕರಣದಲ್ಲಿ. 2011ರ ಡಿಸೆಂಬರ್ 7ರಂದು ಅಮೆರಿಕದ ಲಾಸ್ ವೇಗಸ್ ಬಳಿ ಪ್ರವಾಸಿಗರ ಹೆಲಿಕಾಪ್ಟರೊಂದು ಗುಡ್ಡಗಳ ನಡುವೆ ಬಿತ್ತು. ಪೈಲಟ್ ಮತ್ತು ನಾಲ್ವರು ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಿತ್ರವೆಂದರೆ, ಹಿಂದಿನ ದಿನವಷ್ಟೇ ಅದರ 100 ಗಂಟೆಗಳ ತಪಾಸಣೆ ನಡೆದಿತ್ತು, ಸರ್ವೋವನ್ನೂ ಬದಲಿಸಿದ್ದರು. ಸರಳನ್ನು ಸರ್ವೋಗೆ ಕೂಡಿಸುವ ಬೋಲ್ಟಿಗೆ ಹಿಡಿತ ಸಡಿಲವಾಗಿದ್ದ ಹಳೆಯ ನಟ್ಟನ್ನೇ ಮತ್ತೆ ಹಾಕಿದ್ದರು. ನಟ್ಟು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ ಒಂದೋ ಹಾಕಿರಲಿಲ್ಲ, ಇಲ್ಲವೇ ಸರಿಯಾಗಿ ಹಾಕಿರಲಿಲ್ಲ. ಎತ್ತಿನ ಬಂಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡೆಗೀಲು ಹಾಕುತ್ತಾರಲ್ಲ, ಈ ಪಿನ್ನಿನ ಕೆಲಸವೂ ಅದೇ. ಅದಿಲ್ಲದೆ ನಟ್ಟು ಬಿಚ್ಚಿತು, ಬೋಲ್ಟು ಜಾರಿತು, ಸರಳು ಕಳಚಿತು.

ಕೆಲಸ ಮಾಡಿದವರೊಬ್ಬರು, ಪರಿಶೀಲಿಸಿದವರು ಇನ್ನೊಬ್ಬರು. ಇಬ್ಬರ ಕಣ್ಣೂ ತಪ್ಪಿತು. ತನಿಖಾ ಮಂಡಳಿ ಇಲ್ಲಿಗೇ ನಿಲ್ಲಲಿಲ್ಲ. ನನಗೆ ಮೆಚ್ಚುಗೆಯಾದದ್ದು ಇದೇ. ಇಬ್ಬರ ನಿದ್ದೆ ಮತ್ತು ಪಾಳಿಯ ಲೆಕ್ಕವನ್ನೂ ಅದು ತೆಗೆಯಿತು. ರೂಢಿಗಿಂತ ಮುಂಚಿನ ಪಾಳಿಗೆ ಅವರಿಬ್ಬರನ್ನೂ ಹಾಕಲಾಗಿತ್ತು. ಮೆಕ್ಯಾನಿಕ್‌ಗೆ ಹಿಂದಿನ ರಾತ್ರಿ ಸಾಕಷ್ಟು ನಿದ್ದೆಯೂ ಆಗಿರಲಿಲ್ಲ. ದಣಿದ ಕಣ್ಣು ಎರಡನೆಯ ಸಲ ನೋಡಿದರೂ ಮೊದಲ ಸಲ ಕಾಣದ್ದು ಕಾಣಲಿಲ್ಲ.

ಕೆಲವೊಮ್ಮೆ ಯಂತ್ರವೇ ಮುನ್ಸೂಚನೆ ಕೊಡುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆಯಲ್ಲಿ ಪುಟ್ಟ ಅಯಸ್ಕಾಂತವಿರುತ್ತದೆ. ಹಲ್ಲು ಸವೆದರೆ ಲೋಹದ ಚೂರು ಅದಕ್ಕೆ ಅಂಟುತ್ತದೆ. ಸ್ಕಾಟ್ಲೆಂಡಿನ ಬಳಿ ಉತ್ತರ ಸಮುದ್ರದಲ್ಲಿ ತೈಲ ಕೆಲಸಗಾರರನ್ನು ಒಯ್ಯುತ್ತಿದ್ದ ಸೂಪರ್ ಪ್ಯೂಮಾ ಹೆಲಿಕಾಪ್ಟರಿನಲ್ಲಿ 2009ರ ಮಾರ್ಚ್ 25ರಂದು ಅಂಥ ಚೂರು ಸಿಕ್ಕಿತ್ತು. ಅದು ಏನೆಂಬುದನ್ನು ತಪ್ಪಾಗಿ ತಿಳಿದರು. ನಡುವೆ ನಡೆದ ಮಾತುಕತೆಯಲ್ಲೂ ಗೊಂದಲವಾಯಿತು. ಆಗಬೇಕಿದ್ದ ಮುಂದಿನ ಪರೀಕ್ಷೆ ಆಗಲಿಲ್ಲ. ಒಂದು ವಾರದ ನಂತರ, ಏಪ್ರಿಲ್ 1ರಂದು ಗೇರಿನ ಬಿರುಕು ಒಡೆದು 16 ಜನ ಸತ್ತರು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ತಟಕ್ಕನೆ ತುಂಡಾಗುವುದನ್ನು ನೀವು ಬಲ್ಲಿರಿ. ಲೋಹದ ಆಯಾಸವೆಂದರೆ ಅದೇ.

ಲೋಹದ ಆಯಾಸಕ್ಕೆ ಗಂಟೆಗಳ ಲೆಕ್ಕವಿದೆ: ಇಂಥ ಭಾಗ ಇಷ್ಟು ಗಂಟೆ ಹಾರಿದ ಮೇಲೆ ಬದಲಿಸಬೇಕು ಎಂದು. ಪೈಲಟ್ ದಿನಕ್ಕೆ ಎಷ್ಟು ಹೊತ್ತು ಹಾರಬಹುದು ಎಂಬುದಕ್ಕೂ ಮಿತಿ ಇದೆ. ಪಿನ್ನು ಹಾಕುವವರ ದುಡಿಮೆಯ ಗಂಟೆಗಳಿಗೂ ಹೀಗೆಯೇ ಮಿತಿ ಇರಬೇಕೆಂದು ಲಾಸ್ ವೇಗಸ್ ಅಪಘಾತದ ನಂತರ ಆ ತನಿಖಾ ಮಂಡಳಿ ಶಿಫಾರಸು ಮಾಡಿತು.