ಕಂಪ್ಯೂಟರ್ ಏಳದಿದ್ದರೆ ಮೊದಲು ನೋಡಬೇಕಾದದ್ದು

(ಬೆಳ್ಳಿ ಹಬ್ಬದ ನಿಮಿತ್ತ ನಡೆದ ಕಾರ್ಯಾಗಾರದಲ್ಲಿ ಸಿಬ್ಬಂದಿ ಹಾಗೂ ಸದಸ್ಯರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಸಹಕಾರ ತತ್ತ್ವದ ಮೇಲೆ ದೊಡ್ಡ ಮಾತು ಆಡುವವರು ಈ ವೇದಿಕೆಯ ಮೇಲೆ ಬಹಳ ಜನ ಇದ್ದಾರೆ. ನಮಗೆ ಒಪ್ಪಿಸಿದ ವಿಷಯ ಸಣ್ಣದು. ಕಚೇರಿಯ ಕಂಪ್ಯೂಟರ್ ಶುರುವಾಗದಿದ್ದರೆ, ಇಲ್ಲವೆ ಕಾದು ನಡುವೆಯೇ ಬಂದಾದರೆ ಏನು ಮಾಡಬೇಕು ಎಂಬುದು. ಕೇಳಲಿಕ್ಕೆ ಸಣ್ಣದಾದರೂ ಇದರಲ್ಲಿ ಒಬ್ಬ ಸದಸ್ಯರ ರೊಕ್ಕ ಮುಳುಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಒಪ್ಪಿಕೊಂಡೆವು.

ಲೆಕ್ಕ ಈ ನೆಲಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳಿವೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಲೆಕ್ಕ ಪುಸ್ತಕದಲ್ಲೇ ಇತ್ತು. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಲೆಕ್ಕ ಅದೇ, ಅದು ಕೂಡುವ ಜಾಗ ಬದಲಾಯಿತು. ಈಗ ಡಬ್ಬಿ ಏಳದಿದ್ದರೆ ಸಂಘವೇ ಏಳುವುದಿಲ್ಲ ಎಂಬ ಸ್ಥಿತಿ.

ನಡೆದದ್ದನ್ನು ಹೇಳುತ್ತೇವೆ. ಕೆಲವು ವರ್ಷದ ಹಿಂದಿನ ಮಾರ್ಚ್ ಕೊನೆಯ ವಾರ. ಬೆಳೆ ಸಾಲ ಕಟ್ಟುವ ಗಡುವು. ಗಡುವಿನೊಳಗೆ ಕಟ್ಟಿದವರಿಗೇ ಶೂನ್ಯ ಬಡ್ಡಿ ಎಂಬುದು ತಮಗೆಲ್ಲ ಗೊತ್ತು. ನಮ್ಮ ಕಂಪ್ಯೂಟರ್ ಮುಂಜಾನೆ ಚಲೋ ಶುರುವಾಗುತ್ತಿತ್ತು, ಹತ್ತು ನಿಮಿಷಕ್ಕೆ ಫಟ್ಟನೆ ಬಂದ್. ಮತ್ತೆ ಒತ್ತಿದರೆ ಏಳುತ್ತಿರಲಿಲ್ಲ. ಅರ್ಧ ತಾಸು ಬಿಟ್ಟರೆ ಏಳುತ್ತಿತ್ತು. "ವೈರಸ್ ಹೊಕ್ಕದ" ಎಂದೆವು. ಪಟ್ಟಣದ ಒಂದು ಅಂಗಡಿಗೆ ಒಯ್ದರೆ, ತೆರೆದೂ ನೋಡದೆ "ಮದರ್‌ಬೋರ್ಡ್ ಹೋಗ್ಯಾದ, ಹೊಸದು ಹಾಕಬೇಕು" ಅಂದರು.

ಇತ್ತ ಬಾಗಿಲಲ್ಲಿ ಸಾಲು. "ನಾಳೆ ಬರ್ರಿ" ಎಂದು ಕಳಿಸುತ್ತ ಹೋದೆವು. ಒಬ್ಬ ಮುತ್ಯಾ ಮಾತ್ರ ಕದಲಲಿಲ್ಲ. "ತಮ್ಮಾ, ತೊಗರಿ ಮಾರಿ ರೊಕ್ಕ ತಂದೀನಿ. ನಿಮ್ಮ ಡಬ್ಬಿ ಸತ್ತದಂತ ನನಗ ಯಾಕ ಬಡ್ಡಿ ಬೀಳಬೇಕು?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಟ್ರಂಕಿನೊಳಗಿಂದ ಹಳೆಯ ರಸೀದಿ ಪುಸ್ತಕ ಹುಡುಕಿ ತೆಗೆದು ಅಂದಿನ ತಾರೀಖು ಹಾಕಿ ಬರೆದುಕೊಟ್ಟೆವು. ಆದರೆ ಅದಕ್ಕಿಂತ ಮೊದಲೇ ತಿರುಗಿಹೋದವರಲ್ಲಿ ಒಬ್ಬರು ಹೈದರಾಬಾದಿನಲ್ಲಿ ಗೌಂಡಿ ಕೆಲಸಕ್ಕೆ ಇರುವವರು. ಸಾಲ ಕಟ್ಟಲೆಂದೇ ರಜೆ ಹಾಕಿ ಬಂದಿದ್ದರು. ಆ ರಾತ್ರಿಯೇ ರೈಲು ಹತ್ತಿ ಹೋದರು. ಅವರ ಗಡುವು ತಪ್ಪಿತು, ಬಡ್ಡಿ ಬಿತ್ತು. ತಪ್ಪು ಅವರದಲ್ಲ, ನಮ್ಮದು.

ಕೊನೆಗೆ ಒಬ್ಬ ಸದಸ್ಯರ ಮಗ, ಐಟಿಐ ಕಲಿಯುವ ಹುಡುಗ, ಬಂದು ಪೆಟ್ಟಿಗೆ ಬಿಚ್ಚಿದ. ಒಳಗೆ ಏನಿತ್ತು ಅಂತೀರಿ? ಶಹಾಬಾದ್ ಕಲ್ಲಿನ ಧೂಳು! ಪ್ರೊಸೆಸರ್ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಅಲ್ಯೂಮಿನಿಯಂ ಹಾಳೆಗಳು ಇರುತ್ತವೆ. ಆ ಸಂದುಗಳೆಲ್ಲ ಬಿಳಿ ಧೂಳು ಮೆತ್ತಿ ಗೋಡೆಯ ಗಿಲಾವಿನ ಹಾಗೆ ಆಗಿತ್ತು. ಮೇಲಿನ ಫ್ಯಾನು ತಿರುಗಲಾರದೆ ತಿರುಗುತ್ತಿತ್ತು. ಬ್ರಶ್ಶಿನಿಂದ ಒರೆಸಿ ತೆಗೆದ ಮೇಲೆ ಅದೇ ಮದರ್‌ಬೋರ್ಡ್ ಇವತ್ತಿಗೂ ನಡೆದಿದೆ.

ಇದರ ಲೆಕ್ಕ ಸರಳ ಇದೆ, ನೋಡ್ರಿ. ಕೋಣೆಯಲ್ಲಿ 25 ಡಿಗ್ರಿ ಇದ್ದಾಗ ಪ್ರೊಸೆಸರ್ 65 ಡಿಗ್ರಿ ಕಾಯುತ್ತದೆ ಎಂದು ಇಟ್ಟುಕೊಳ್ಳೋಣ. ಕೋಣೆಗಿಂತ 40 ಹೆಚ್ಚು. ನಮ್ಮ ಬೇಸಿಗೆಯಲ್ಲಿ ಕೋಣೆಯೇ 43 ಆದರೆ ಅದು 83ಕ್ಕೆ ಹೋಗುತ್ತದೆ. ಧೂಳು ಮೆತ್ತಿ ಆ 40 ಎಂಬುದು 60 ಆದರೆ 103! ಸುಮಾರು 100 ಡಿಗ್ರಿ ಹತ್ತಿರ ಬಂದರೆ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ಆಮೇಲೆ ಸುಟ್ಟುಹೋಗಬಾರದೆಂದು ತಾನೇ ಬಂದಾಗುತ್ತದೆ. ಅದು ಸತ್ತದ್ದಲ್ಲ, ಜೀವ ಉಳಿಸಿಕೊಂಡದ್ದು. ವಾಡಿ, ಶಹಾಬಾದ್, ಸೇಡಂ ಅಂದರೆ ಕಲ್ಲು ಮತ್ತು ಸಿಮೆಂಟಿನ ಸೀಮೆ. ಬೇರೆ ಊರಿನಲ್ಲಿ ವರ್ಷಕ್ಕೊಮ್ಮೆ ಸ್ವಚ್ಛ ಮಾಡಿದರೆ ಸಾಕು, ನಮಗೆ ಸಾಲದು.

ಇನ್ನು ಏಳದಿದ್ದರೆ ನೋಡುವ ಕ್ರಮ.

ಒಂದು, ಜೀವವೇ ಇಲ್ಲ, ದೀಪವಿಲ್ಲ, ಫ್ಯಾನಿಲ್ಲ. ಆಗ ಗೋಡೆಯ ಪ್ಲಗ್ಗಿನಿಂದ ಶುರು ಮಾಡಬೇಕು. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟು ಇದೆಯೋ ನೋಡಿರಿ. ಆಮೇಲೆ ಯುಪಿಎಸ್, ಆಮೇಲೆ ವೈರು, ಆಮೇಲೆ ಪೆಟ್ಟಿಗೆಯ ಹಿಂದಿನ ಸಣ್ಣ ಸ್ವಿಚ್ಚು. ಕಸ ಹೊಡೆಯುವಾಗ ಆ ಸ್ವಿಚ್ಚಿಗೆ ಕೈ ತಾಗಿ ಬಂದಾದದ್ದಕ್ಕೆ ಮೆಕ್ಯಾನಿಕ್ ಕರೆಸಿದ ಸಂಘಗಳುಂಟು. ಇವೆಲ್ಲ ಸರಿ ಇದ್ದರೆ ಎಸ್‌ಎಂಪಿಎಸ್ ಕೆಟ್ಟಿರಬಹುದು. ಆ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ.

ಎರಡು, ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ಮೊದಲು ಮಾನಿಟರಿನ ವೈರು ಬಿಗಿಮಾಡಿರಿ. ಆದರೂ ಬರದಿದ್ದರೆ, ಅದರಲ್ಲೂ ಬೀಪ್ ಬೀಪ್ ಎಂದು ಕೂಗುತ್ತಿದ್ದರೆ, ಹೆಚ್ಚಾಗಿ ರ‍್ಯಾಮ್ ಪಟ್ಟಿಯ ತಕರಾರು. ಪ್ಲಗ್ ಕಿತ್ತು, ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಮೈಯ ವಿದ್ಯುತ್ ಇಳಿಸಿಕೊಂಡು, ಪಟ್ಟಿ ತೆಗೆದು, ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಒರೆಸಿ, 'ಟಕ್' ಎನ್ನುವ ತನಕ ಕೂಡಿಸಬೇಕು.

ಮೂರು, ಶುರುವಾಗುತ್ತದೆ, ಆದರೆ ಡಿಸ್ಕ್ ಇಲ್ಲ ಎನ್ನುತ್ತದೆ. ಪೆನ್‌ಡ್ರೈವ್ ಸಿಕ್ಕಿಸಿ ಬಿಟ್ಟಿದ್ದೀರೋ ನೋಡಿರಿ. ಹಾರ್ಡ್ ಡಿಸ್ಕಿನಿಂದ 'ಟಕ್ ಟಕ್' ಸಪ್ಪಳ ಬರುತ್ತಿದ್ದರೆ ಮತ್ತೆ ಮತ್ತೆ ಶುರು ಮಾಡಬೇಡಿರಿ. ಒಳಗಿನ ಲೆಕ್ಕ ಉಳಿಯುವುದು ಕಷ್ಟವಾಗುತ್ತದೆ.

ನಾಲ್ಕು, ದಿನಾ ತಾರೀಖು ತಪ್ಪಿ ಹಳೆಯ ವರ್ಷಕ್ಕೆ ಹೋಗುತ್ತದೆ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ 3 ವೋಲ್ಟಿನ ಸೆಲ್, ಸಿಆರ್ 2032, ಮುಗಿದಿರುತ್ತದೆ. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅಗ್ಗದ ಸಾಮಾನೆಂದು ಬಿಡಬಾರದು. ಯಂತ್ರದ ತಾರೀಖು ಹಿಡಿದು ನಡೆಯುವ ಲೆಕ್ಕದಲ್ಲಿ ತಾರೀಖು ತಪ್ಪಿದರೆ ವೋಚರೂ ತಪ್ಪು, ಬಡ್ಡಿಯೂ ತಪ್ಪು.

ಐದು, ನಮ್ಮ ಹಾಗೆ ಕೆಲ ನಿಮಿಷ ನಡೆದು ಬಂದಾಗುವುದು. ಅದು ಕಾವು. ಪೆಟ್ಟಿಗೆಯನ್ನು ಹೊರಗೆ ಕಟ್ಟೆಗೆ ಒಯ್ದು ಮೆತ್ತನೆ ಬ್ರಶ್ ಹಾಗೂ ಬ್ಲೋವರಿನಿಂದ ಧೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಆದರೂ ಕಾಯುತ್ತಿದ್ದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ. ಬಲ್ಲವರ ಕೈಯಿಂದ ಹಳೆಯದನ್ನು ಒರೆಸಿ, ಹೊಸದನ್ನು ಜೋಳದ ಕಾಳಿನಷ್ಟು ಹಾಕಿಸಿರಿ.

ನಮ್ಮ ಕಡೆಯ ಕೆಲವು ರೂಢಿಗಳನ್ನೂ ಬಿಡಬೇಕು. ಧೂಳು ಬೀಳಬಾರದೆಂದು ನಡೆಯುವ ಯಂತ್ರಕ್ಕೇ ಬಟ್ಟೆ ಹೊದಿಸುತ್ತೇವೆ. ಅದು ಬಿಸಿಲಲ್ಲಿ ಕಂಬಳಿ ಹೊದಿಸಿದ ಹಾಗೆ. ಬಂದ್ ಮಾಡಿದ ಮೇಲೆ ಹೊದಿಸಿರಿ. ನೆಲದ ಮೇಲೆ ಇಡಬೇಡಿರಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ನೀರಿನ ಕೂಲರ್ ಗಾಳಿ ನೇರವಾಗಿ ಅದರ ಮೇಲೆ ಬೀಳಬಾರದು. ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಜೋಡಿಸಬಾರದು. ಅರ್ಥಿಂಗ್ ಸರಿ ಇದೆಯೋ ಲೈನ್‌ಮನ್ ಕರೆಸಿ ನೋಡಿಸಬೇಕು. ಆಯುಧ ಪೂಜೆಯ ದಿನ ಡಬ್ಬಿಗೆ ಕುಂಕುಮ, ಭಂಡಾರ ಹಚ್ಚಿ ಕೈ ಮುಗಿಯುತ್ತೇವೆ. ಆ ಪುಡಿಯೂ ಒಳಗೇ ಹೋಗುತ್ತದೆ. ಅವತ್ತು ಒಂದು ಹೂವು ಸಾಕು, ಒಳಗಿನ ಧೂಳು ತೆಗೆಯುವುದೇ ಪೂಜೆ ಎಂದು ತಿಳಿಯೋಣ.

1947ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ದೊಡ್ಡ ಗಣಕಯಂತ್ರ ತಪ್ಪತೊಡಗಿದಾಗ ಬಿಚ್ಚಿ ನೋಡಿದರೆ ಒಳಗೆ ಒಂದು ಪತಂಗ ಸಿಕ್ಕಿತ್ತು. ಅವರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ ಬರೆದಿಟ್ಟರು. ನಮಗೂ ಅಂಥ ಒಂದು ಪುಸ್ತಕ ಬೇಕು. ಯಾವ ದಿನ ಏನು ಕೆಟ್ಟಿತು, ಯಾರು ರಿಪೇರಿ ಮಾಡಿದರು, ಏನು ಹಾಕಿದರು ಎಂದು ಬರೆದಿಟ್ಟರೆ ಮುಂದಿನವರಿಗೆ ದಾರಿ.

ನಮ್ಮ ಸಂಘದಲ್ಲಿ ಈಗ ಮೂರು ನೇಮ ಮಾಡಿಕೊಂಡಿದ್ದೇವೆ. ಶಿವರಾತ್ರಿಗೆ ಒಮ್ಮೆ, ದಸರೆಗೆ ಒಮ್ಮೆ ಪೆಟ್ಟಿಗೆ ಬಿಚ್ಚಿ ಸ್ವಚ್ಛ ಮಾಡುವುದು. ನಮ್ಮ ಯಂತ್ರದಲ್ಲಿರುವ ಲೆಕ್ಕದ ಪ್ರತಿಯನ್ನು ದಿನಾ ಸಂಜೆ ತೆಗೆದು ತಿಜೋರಿಯಲ್ಲಿ ಇಡುವುದು. ಮೂರನೆಯದು, ರಸೀದಿ ಪುಸ್ತಕ ಟ್ರಂಕಿನಲ್ಲಿ ಅಲ್ಲ, ಮೇಜಿನ ಮೇಲೆಯೇ ಇರಬೇಕು. ಯಂತ್ರ ಎದ್ದರೂ ಏಳದಿದ್ದರೂ ರೊಕ್ಕ ತಂದವರನ್ನು "ನಾಳೆ ಬರ್ರಿ" ಎನ್ನುವಂತಿಲ್ಲ.

ಹೈದರಾಬಾದಿಗೆ ಹೋದ ಆ ಸದಸ್ಯರು ಮುಂದಿನ ವರ್ಷವೂ ನಮ್ಮ ಸಂಘಕ್ಕೇ ಬಂದು ಸಾಲ ಕಟ್ಟಿದರು. ಒಂದು ಮಾತೂ ಆಡಲಿಲ್ಲ. ರಸೀದಿ ತಗೊಂಡು, ತಾರೀಖು ಒಂದು ಸಲ ಓದಿ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ನಾವು ಈ ವಿದ್ಯೆ ಕಲಿತದ್ದು ಅವರ ಸಲುವಾಗಿ.